ಕ್ಯಾನ್ಸರ್ ಸಂಶೋಧನೆಯೂ ನಮ್ಮ ಕುಟುಂಬಗಳ ಸಹಿಯೂ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಸರಿಸುಮಾರು ನಡುಭಾಗದಲ್ಲಿ ಹುಮನಾಬಾದ್ ಇದೆ. ಅದೇ ಹೆದ್ದಾರಿಯಿಂದ ತುಸು ಒಳಕ್ಕೆ ಬಸವಕಲ್ಯಾಣ. ಈ ಎರಡು ತಾಲ್ಲೂಕುಗಳ ಯಾವುದೇ ಊರಿನಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದುಬಂದರೆ ಮನೆಯವರ ಮುಂದೆ ಇರುವ ದಾರಿಗಳು ಮೂರೇ. ಪೂರ್ವಕ್ಕೆ ಹೈದರಾಬಾದಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ, ಪಶ್ಚಿಮಕ್ಕೆ ಸೊಲ್ಲಾಪುರ, ಬಾರ್ಶಿ, ಅವನ್ನೂ ದಾಟಿದರೆ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ, ದಕ್ಷಿಣಕ್ಕೆ ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಶಾಖೆ, ಅಲ್ಲಿಂದ ಮುಂದೆ ಬೆಂಗಳೂರು. ಹೊಲ ಅಡವಿಟ್ಟೋ, ಸರಕಾರದ ಆರೋಗ್ಯ ಚೀಟಿ ಹಿಡಿದೋ ಅಲ್ಲಿಗೆ ತಲುಪಿದ ಕುಟುಂಬದ ಕೈಗೆ ಕೆಲವೊಮ್ಮೆ ಹತ್ತು-ಹದಿನೈದು ಪುಟಗಳ ಒಂದು ಕಾಗದದ ಕಟ್ಟು ಬರುತ್ತದೆ. ‘ನಮ್ಮಲ್ಲಿ ಒಂದು ಅಧ್ಯಯನ ನಡೆಯುತ್ತಿದೆ, ತಾವು ಸೇರುತ್ತೀರಾ?’ ಎಂಬುದು ಅದರ ಸಾರಾಂಶ.

ಇದಕ್ಕೆ ನಮ್ಮ ಜನ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಉತ್ತರಿಸುತ್ತಾರೆ. ‘ನಮ್ಮನ್ನು ಇಲಿ, ಮೊಲಗಳಂತೆ ಪ್ರಯೋಗಕ್ಕೆ ಒಡ್ಡುತ್ತಾರೆ, ಇಲ್ಲಿಂದ ಹೊರಡೋಣ’ ಎಂದು ಚಿಕಿತ್ಸೆಯನ್ನೇ ಬಿಟ್ಟು ಊರಿಗೆ ಮರಳುವವರು ಒಂದು ಕಡೆ. ‘ಡಾಕ್ಟರ್ ಸಾಹೇಬರು ಹೇಳಿದ ಮೇಲೆ ನಾವು ಕೇಳುವುದೇನಿದೆ’ ಎಂದು ಓದದೆಯೇ ಹೆಬ್ಬೆಟ್ಟು ಒತ್ತುವವರು ಇನ್ನೊಂದು ಕಡೆ. ಮೊದಲನೆಯವರದು ಭಯ, ಎರಡನೆಯವರದು ಭಕ್ತಿ. ಎರಡರಲ್ಲೂ ವಿಚಾರಕ್ಕೆ ಜಾಗವಿಲ್ಲ. ಈ ವಿಷಯವನ್ನು ದೂರದ ಅಮೆರಿಕೆಯ ಉದಾಹರಣೆಯಿಂದ ತಿಳಿಯಬೇಕಾದ ಅಗತ್ಯವೂ ನಮಗಿಲ್ಲ. ಜಗತ್ತಿನ ಕ್ಯಾನ್ಸರ್ ವೈದ್ಯಶಾಸ್ತ್ರದ ದಿಕ್ಕನ್ನೇ ಬದಲಿಸಿದ ಒಂದು ಅಧ್ಯಯನ ನಮ್ಮ ನೆರೆಯ ಜಿಲ್ಲೆಯಲ್ಲಿ, ನಮ್ಮಂಥದೇ ಹಳ್ಳಿಗಳಲ್ಲಿ, ನಮ್ಮಂಥದೇ ತಾಯಂದಿರ ನಡುವೆ ನಡೆದಿದೆ.

ಬಸವಕಲ್ಯಾಣದಿಂದ ಸಾಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿ ಹಿಡಿದರೆ ಗಡಿಯಾಚೆ ಸಿಗುವ ಮೊದಲ ದೊಡ್ಡ ಊರು ಉಮರ್ಗಾ. ಅದು ಉಸ್ಮಾನಾಬಾದ್ ಜಿಲ್ಲೆಗೆ ಸೇರಿದ್ದು; 2023ರಿಂದ ಆ ಜಿಲ್ಲೆಗೆ ಧಾರಾಶಿವ ಎಂಬ ಹೆಸರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಆ ಜಿಲ್ಲೆಯೂ ಬೀದರವೂ ಒಂದೇ ಹೈದರಾಬಾದ್ ಸಂಸ್ಥಾನ-ರಾಜ್ಯದ ಭಾಗಗಳಾಗಿದ್ದವು. ಇಂದಿಗೂ ಎರಡು ಕಡೆಯ ಸಂತೆ, ಮದುವೆ, ಭಾಷೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಆ ಜಿಲ್ಲೆಗೆ ಹೊಂದಿಕೊಂಡ ಬಾರ್ಶಿ ಪಟ್ಟಣದಲ್ಲಿ 1982ರಲ್ಲಿ ನರ್ಗೀಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಆರಂಭವಾಯಿತು. 1987ರಲ್ಲಿ ಅಲ್ಲಿಯೇ ದೇಶದ ಮೊತ್ತಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಕೇಂದ್ರ ತೆರೆಯಿತು. ಅದುವರೆಗೆ ಹಳ್ಳಿಗಳಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬರುತ್ತಿದೆ, ಎಷ್ಟು ಜನ ಸಾಯುತ್ತಿದ್ದಾರೆ ಎಂಬ ಲೆಕ್ಕವನ್ನೇ ಯಾರೂ ಇಟ್ಟಿರಲಿಲ್ಲ. ಲೆಕ್ಕ ಇಡತೊಡಗಿದಾಗ ಕಂಡುಬಂದ ಸಂಗತಿಯೆಂದರೆ, ಹಳ್ಳಿಯ ಹೆಂಗಸರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತಿದ್ದುದು ಗರ್ಭಕಂಠದ ಕ್ಯಾನ್ಸರ್; ಅವರಲ್ಲಿ ಬಹುಪಾಲು ಜನ ಆಸ್ಪತ್ರೆಗೆ ಬರುತ್ತಿದ್ದುದು ರೋಗ ಕೈಮೀರಿದ ಮೇಲೆ.

ಈ ರೋಗಕ್ಕೆ ಒಂದು ವೈಶಿಷ್ಟ್ಯವುಂಟು. ಎಚ್.ಪಿ.ವಿ. ಎಂಬ ವೈರಾಣುವಿನ ಸೋಂಕಿನಿಂದ ಅದು ಹುಟ್ಟುತ್ತದೆ. ಸೋಂಕಿಗೂ ಕ್ಯಾನ್ಸರಿಗೂ ನಡುವೆ ಹಲವಾರು ವರ್ಷಗಳ ಅಂತರವಿರುತ್ತದೆ. ಆ ಅಂತರದಲ್ಲಿ ಪರೀಕ್ಷೆ ಮಾಡಿ ಕೆಟ್ಟ ಕಣಗಳನ್ನು ತೆಗೆದುಹಾಕಿದರೆ ಕ್ಯಾನ್ಸರ್ ಬರುವುದನ್ನು ಬಹುಮಟ್ಟಿಗೆ ತಡೆಯಬಹುದು. ಆದರೆ ಪರೀಕ್ಷೆಗಳು ಮೂರು ಬಗೆ. ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ. ವಿನೆಗರಿನಂಥ ಆಮ್ಲವನ್ನು ಸವರಿ ಬಿಳಿಚುವ ಭಾಗವನ್ನು ಬರಿಗಣ್ಣಿನಿಂದ ಗುರುತಿಸುವ ಪರೀಕ್ಷೆ. ವೈರಾಣುವನ್ನೇ ಹುಡುಕುವ ಎಚ್.ಪಿ.ವಿ. ಪರೀಕ್ಷೆ. ವಿದ್ಯುತ್ತೂ ಬಸ್ಸೂ ನೆಚ್ಚಲಾಗದ ನಮ್ಮಂಥ ಸೀಮೆಯಲ್ಲಿ, ಹೆಂಗಸೊಬ್ಬಳಿಗೆ ಜೀವಮಾನದಲ್ಲಿ ಒಂದೇ ಸಲ ಪರೀಕ್ಷೆ ಮಾಡಲು ಸಾಧ್ಯವೆಂದಾದರೆ, ಮೂರರಲ್ಲಿ ಯಾವುದು ಜೀವ ಉಳಿಸುತ್ತದೆ? ಇದಕ್ಕೆ ಉತ್ತರ ಯಾವ ಗ್ರಂಥದಲ್ಲಿಯೂ ಇರಲಿಲ್ಲ.

ಉತ್ತರ ಹುಡುಕಲು ಮುಂಬೈಯ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ಆಸ್ಪತ್ರೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಟ್ಟುಗೂಡಿ 1999ರ ಅಕ್ಟೋಬರಿನಲ್ಲಿ ಕೆಲಸ ಆರಂಭಿಸಿದವು. ಡಾ. ಆರ್. ಶಂಕರನಾರಾಯಣನ್, ಬಾರ್ಶಿಯ ಡಾ. ಬಿ.ಎಂ. ನೆನೆ ಮೊದಲಾದವರು ಇದರ ಮುಂಚೂಣಿಯಲ್ಲಿದ್ದರು. ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳನ್ನು 52 ಗುಂಪುಗಳಾಗಿ ಮಾಡಿ, ಚೀಟಿ ಎತ್ತಿದಂತೆ ಯಾರ ಇಷ್ಟಾನಿಷ್ಟವೂ ಸೇರದ ರೀತಿಯಲ್ಲಿ ಅವುಗಳನ್ನು ನಾಲ್ಕು ಪಾಲಾಗಿ ಹಂಚಲಾಯಿತು. 30ರಿಂದ 59 ವರ್ಷದ ಒಟ್ಟು 1,31,746 ಆರೋಗ್ಯವಂತ ಮಹಿಳೆಯರು ಇದರಲ್ಲಿ ಬಂದರು. 34,126 ಮಂದಿಯ ಪಾಲಿಗೆ ಎಚ್.ಪಿ.ವಿ. ಪರೀಕ್ಷೆ, 32,058 ಮಂದಿಗೆ ಪ್ಯಾಪ್ ಪರೀಕ್ಷೆ, 34,074 ಮಂದಿಗೆ ಆಮ್ಲದ ಪರೀಕ್ಷೆ. ಉಳಿದ 31,488 ಮಂದಿಗೆ ಅಧ್ಯಯನದ ವತಿಯಿಂದ ಯಾವ ಪರೀಕ್ಷೆಯೂ ಇರಲಿಲ್ಲ. ರೋಗದ ಬಗ್ಗೆ ತಿಳುವಳಿಕೆ ನೀಡಿ, ಬೇಕಿದ್ದವರು ಸ್ಥಳೀಯ ದವಾಖಾನೆಗಳಲ್ಲಿ ಪರೀಕ್ಷೆ ಪಡೆಯುವ ಬಗೆಯನ್ನು ಹೇಳಲಾಯಿತು.

ಎಂಟು ವರ್ಷಗಳ ಕಾಲ ಈ ಎಲ್ಲ ಮಹಿಳೆಯರ ಯೋಗಕ್ಷೇಮದ ದಾಖಲೆ ಇಡಲಾಯಿತು. ಪರೀಕ್ಷೆ ಇಲ್ಲದ ಗುಂಪಿನಲ್ಲಿ 64 ಮಂದಿ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡರು, ಎಚ್.ಪಿ.ವಿ. ಪರೀಕ್ಷೆಯ ಗುಂಪಿನಲ್ಲಿ ತೀರಿಕೊಂಡವರು 34. ಕೈಮೀರಿದ ಹಂತದ ಕ್ಯಾನ್ಸರುಗಳು ಮೊದಲ ಗುಂಪಿನಲ್ಲಿ 82, ಎರಡನೆಯದರಲ್ಲಿ 39. ಜೀವಮಾನದಲ್ಲಿ ಒಂದೇ ಒಂದು ಸಲ ಮಾಡಿದ ಪರೀಕ್ಷೆ ಸಾವನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಿತು. ಇನ್ನೆರಡು ಪರೀಕ್ಷೆಗಳನ್ನು ಒಂದೇ ಸಲ ಮಾಡಿದಾಗ ಅಂಥ ಸ್ಪಷ್ಟ ಪ್ರಯೋಜನ ಕಾಣಲಿಲ್ಲ. 2009ರ ಏಪ್ರಿಲಿನಲ್ಲಿ ಅಮೆರಿಕೆಯ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಈ ಫಲಿತಾಂಶ ಪ್ರಕಟವಾಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ದೇಶಗಳೂ ಎಚ್.ಪಿ.ವಿ. ಪರೀಕ್ಷೆಯನ್ನೇ ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಬೇಕೆಂದು ಶಿಫಾರಸು ಮಾಡಿದ್ದಕ್ಕೆ ಆಧಾರವಾದ ಪುರಾವೆಗಳಲ್ಲಿ ಈ ಹಳ್ಳಿಗಳ ಪುರಾವೆಯೂ ಇದೆ. ಆಫ್ರಿಕಾದ ಯಾವುದೋ ದೇಶದಲ್ಲಿ ಇಂದು ಒಬ್ಬ ತಾಯಿ ಈ ಪರೀಕ್ಷೆಯಿಂದ ಬದುಕಿ ಉಳಿದರೆ, ಆಕೆ ಹೆಸರೂ ಕೇಳಿರದ ಮರಾಠವಾಡದ ಜೋಳದ ಸೀಮೆಯ ಹೆಂಗಸರಿಗೆ ಆ ಪುಣ್ಯದ ಒಂದು ಪಾಲು ಸಲ್ಲಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾದೀತು. ಪರೀಕ್ಷೆಯಿಲ್ಲದ ಆ ನಾಲ್ಕನೆಯ ಗುಂಪಿನ ಬಗ್ಗೆ ವೈದ್ಯಲೋಕದಲ್ಲಿಯೇ ಕಟುವಾದ ವಿವಾದ ಎದ್ದಿತು. ಉಸ್ಮಾನಾಬಾದ್ ಮಾತ್ರವಲ್ಲದೆ, 1998ರಲ್ಲಿ ಮುಂಬೈಯ ಕೊಳೆಗೇರಿಗಳಲ್ಲಿ ಆರಂಭವಾದ ಅಧ್ಯಯನದಲ್ಲಿಯೂ, ತಮಿಳುನಾಡಿನ ದಿಂಡಿಗಲ್‌ನಲ್ಲಿ ನಡೆದ ಅಧ್ಯಯನದಲ್ಲಿಯೂ ಇಂಥ ಗುಂಪುಗಳಿದ್ದವು. ಅಮೆರಿಕೆಯ ವೈದ್ಯ ಎರಿಕ್ ಸೂಬಾ ಅವರು ಈ ಮೂರೂ ಕಡೆ ಪರೀಕ್ಷೆಯಿಲ್ಲದೆ ಉಳಿದ 1,38,624 ಮಹಿಳೆಯರಲ್ಲಿ ಕನಿಷ್ಠ 254 ಮಂದಿ ಇದೇ ಕ್ಯಾನ್ಸರಿನಿಂದ ಸತ್ತರೆಂದು 2014ರಲ್ಲಿ ಭಾರತದ ವೈದ್ಯನೀತಿ ಪತ್ರಿಕೆಯಲ್ಲಿ ಬರೆದರು. ಪರೀಕ್ಷೆ ಮಾಡಿದರೆ ಜೀವ ಉಳಿಯುತ್ತದೆಂದು ಜಗತ್ತಿಗೆ ಮೊದಲೇ ಗೊತ್ತಿರುವಾಗ, ಮಾಡದೆ ಬಿಟ್ಟು ಸಾವನ್ನು ಎಣಿಸುವುದು ಯಾವ ನೀತಿ ಎಂಬುದು ಅವರ ಪ್ರಶ್ನೆ. ಗ್ರಾಮೀಣ ಭಾರತದಲ್ಲಿ ಆಗ ಇಂಥ ಪರೀಕ್ಷೆಯ ವ್ಯವಸ್ಥೆಯೇ ಇರಲಿಲ್ಲ, ಅಧ್ಯಯನ ನಡೆಯದಿದ್ದರೂ ಆ ಮಹಿಳೆಯರಿಗೆ ಏನೂ ದೊರಕುತ್ತಿರಲಿಲ್ಲ, ಹೋಲಿಕೆಯಿಲ್ಲದೆ ಯಾವ ಸರಕಾರವೂ ಹಣ ಬಿಚ್ಚುವುದಿಲ್ಲ ಎಂಬುದು ಸಂಶೋಧಕರ ವಾದ. ಮುಂಬೈ ಅಧ್ಯಯನಕ್ಕೆ ಅಮೆರಿಕೆಯ ಸರಕಾರದ ಹಣವಿದ್ದ ಕಾರಣ ಅಲ್ಲಿಯ ಮೇಲ್ವಿಚಾರಣಾ ಕಚೇರಿ ದೂರನ್ನು ಪರಿಶೀಲಿಸಿ, ಬೇರೆ ಕಡೆ ಪರೀಕ್ಷೆ ಲಭ್ಯವೆಂಬ ಮಾಹಿತಿಯನ್ನು ಮಹಿಳೆಯರಿಗೆ ಸಾಕಷ್ಟು ನೀಡಿರಲಿಲ್ಲವೆಂದು 2012ರಲ್ಲಿ ಅಭಿಪ್ರಾಯಪಟ್ಟಿತು.

ಎರಡೂ ಪಕ್ಷಗಳ ವಾದದಲ್ಲಿ ತೂಕವಿದೆ. ಸಂಶೋಧಕರನ್ನು ಕೊಲೆಗಾರರೆಂದು ಕರೆಯುವುದು ಅನ್ಯಾಯ. ಬಾರ್ಶಿಯ ವೈದ್ಯರು ದಶಕಗಳ ಕಾಲ ಬಡವರ ನಡುವೆಯೇ ದುಡಿದವರು. ಆದರೆ ‘ಅವರಿಗೆ ಹೇಗಿದ್ದರೂ ಏನೂ ಸಿಗುತ್ತಿರಲಿಲ್ಲ’ ಎಂಬ ಮಾತನ್ನು ಒಪ್ಪುವಾಗ ಎಚ್ಚರ ಬೇಕು. ಬಡತನವೇ ಬಡವರ ವಿರುದ್ಧ ಸಾಕ್ಷಿ ನುಡಿಯುವ ವಾದ ಅದು. ಅದನ್ನು ಒಪ್ಪುವುದಾದರೆ ಅದರ ಜೊತೆಗೊಂದು ಸಾಲವೂ ಹುಟ್ಟುತ್ತದೆ. ಈ ಹೆಂಗಸರಿಂದ ದೊರೆತ ತಿಳಿವಳಿಕೆ ಇವರಿಗೂ ಇವರ ನೆರೆಯವರಿಗೂ ಮೊದಲು ತಲುಪಬೇಕು. ಆ ಸಾಲ ತೀರಿದೆಯೇ?

ತೀರಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಗರ್ಭಕಂಠದ ಪರೀಕ್ಷೆಗೆ ಎಂದಾದರೂ ಒಳಗಾದವರು ನೂರಕ್ಕೆ ಇಬ್ಬರೂ ಇಲ್ಲ. ಕೇಂದ್ರ ಸರಕಾರದ 2016ರ ಮಾರ್ಗಸೂಚಿಯಂತೆ ಬಾಯಿ, ಸ್ತನ, ಗರ್ಭಕಂಠ ಈ ಮೂರು ಕ್ಯಾನ್ಸರುಗಳ ತಪಾಸಣೆ 30 ವರ್ಷ ದಾಟಿದವರಿಗೆಲ್ಲ ಸಿಗಬೇಕು. ಗರ್ಭಕಂಠಕ್ಕೆ ಅಲ್ಲಿ ಸೂಚಿಸಿದ್ದು ಆಮ್ಲದ ಪರೀಕ್ಷೆ. ಅಂತರರಾಷ್ಟ್ರೀಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಹೊಸದಾಗಿ ತಗಲಿತು, ಸುಮಾರು 80 ಸಾವಿರ ಮಂದಿ ಅದರಿಂದ ತೀರಿಕೊಂಡರು. ಉಮರ್ಗಾ ಗಡಿಯಾಚೆಯಿಂದ ಹೊರಟ ತಿಳಿವಳಿಕೆ ಜಿನೀವಾ ತಲುಪಿ ಜಗತ್ತಿಗೆಲ್ಲ ಹಂಚಿಹೋಯಿತು. ಗಡಿ ದಾಟಿ ಈಚೆಗೆ ಬರುವಾಗ ಮಾತ್ರ ಅದಕ್ಕೆ ಬಸ್ಸು ಸಿಕ್ಕಿಲ್ಲ.

ಅದೇ ರೋಗಕ್ಕೆ ಸಂಬಂಧಿಸಿದ ಇನ್ನೊಂದು ಪ್ರಸಂಗವನ್ನು, ವಿಶೇಷವಾಗಿ ವಸತಿ ನಿಲಯ, ಶಾಲೆಗಳನ್ನು ನಡೆಸುವ ನಮ್ಮ ಧರ್ಮಕೇಂದ್ರಗಳೂ ಕನ್ಯಾಮಠಗಳೂ ಗಮನವಿಟ್ಟು ನೋಡಬೇಕು. ಎಚ್.ಪಿ.ವಿ. ಸೋಂಕನ್ನು ತಡೆಯುವ ಲಸಿಕೆಯನ್ನು 2009ರಲ್ಲಿ ಆಂಧ್ರದ (ಈಗ ತೆಲಂಗಾಣದ) ಖಮ್ಮಂ ಹಾಗೂ ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಬಾಲಕಿಯರಿಗೆ ನೀಡುವ ಅಧ್ಯಯನವೊಂದು ಆರಂಭವಾಯಿತು. ಖಮ್ಮಂನಲ್ಲಿ ಇದಕ್ಕೆ ಸೇರಿದ ಹುಡುಗಿಯರು ಸುಮಾರು 14 ಸಾವಿರ. ಅವರಲ್ಲಿ ಅನೇಕರು ಸರಕಾರಿ ವಸತಿ ನಿಲಯಗಳಲ್ಲಿದ್ದ ಬುಡಕಟ್ಟಿನ ಮಕ್ಕಳು. ಎರಡೂ ಜಿಲ್ಲೆಗಳಿಂದ ಒಟ್ಟು ಏಳು ಸಾವುಗಳು ವರದಿಯಾಗಿ, 2010ರ ಏಪ್ರಿಲಿನಲ್ಲಿ ಅಧ್ಯಯನವನ್ನು ನಿಲ್ಲಿಸಲಾಯಿತು. ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ತನಿಖೆ ಬೇರೊಂದನ್ನು ಬಯಲಿಗೆಳೆಯಿತು. 2013ರ ಸಂಸದೀಯ ಸಮಿತಿಯ ವರದಿಯ ಪ್ರಕಾರ ಆಂಧ್ರದಲ್ಲಿ ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರ ಮೇಲೆ ಹೆಬ್ಬೆಟ್ಟಿನ ಗುರುತು. 2,763ಕ್ಕೆ ಸಹಿ ಹಾಕಿದ್ದವರು ವಸತಿ ನಿಲಯದ ವಾರ್ಡನ್ನರು. ತಂದೆತಾಯಿಗಳ ಬದಲು ವಾರ್ಡನ್ ಒಪ್ಪಿಗೆ ಕೊಟ್ಟರು. ಮಕ್ಕಳನ್ನು ಯಾರೂ ಕೇಳಲಿಲ್ಲ.

ಆ ವಾರ್ಡನ್ನರು ದುಷ್ಟರಾಗಿದ್ದರೆಂದು ತಿಳಿಯಬೇಕಾಗಿಲ್ಲ. ಮೇಲಿನಿಂದ ಆಜ್ಞೆ ಬಂದಿತು, ಒಳ್ಳೆಯ ಕೆಲಸವೆಂದು ಹೇಳಿದರು, ಊರಿನಲ್ಲಿರುವ ತಂದೆತಾಯಿಗಳನ್ನು ಹುಡುಕಿಕೊಂಡು ಹೋಗಲು ಸಮಯವಿರಲಿಲ್ಲ, ಸಹಿ ಹಾಕಿದರು. ನಮ್ಮ ಬೋರ್ಡಿಂಗುಗಳಲ್ಲಿ ಇಂದು ಒಂದು ತಂಡ ಬಂದು ಹೀಗೆಯೇ ಕೇಳಿದರೆ ನಮ್ಮ ಭಗಿನಿಯರೂ ಮುಖ್ಯೋಪಾಧ್ಯಾಯರೂ ಏನು ಮಾಡಿಯಾರು? ಮಗುವಿನ ಊಟ, ಪಾಠ, ಜಪಗಳ ಹೊಣೆಯನ್ನು ತಂದೆತಾಯಿಗಳು ನಮಗೆ ವಹಿಸಿದ್ದಾರೆ, ನಿಜ. ಮಗುವಿನ ದೇಹದ ಮೇಲಿನ ಸಂಶೋಧನೆಗೆ ಒಪ್ಪಿಗೆ ನೀಡುವ ಹಕ್ಕನ್ನು ಅವರು ವಹಿಸಿಲ್ಲ; ಕಾನೂನೂ ನಮಗೆ ಅದನ್ನು ಕೊಟ್ಟಿಲ್ಲ. ಕಬ್ಬಿನ ಕಟಾವಿಗೋ ಕಟ್ಟಡದ ಕೂಲಿಗೋ ತಂದೆತಾಯಿಗಳು ದೂರ ಹೋಗಿದ್ದರೂ ಅವರು ಬರುವವರೆಗೆ ಕಾಯಬೇಕು. ಅಧ್ಯಯನಕ್ಕೆ ತುರ್ತಿದ್ದರೆ ಅಧ್ಯಯನವೇ ಅವರಲ್ಲಿಗೆ ಹೋಗಲಿ.

ಖಮ್ಮಂನ ಆ ಅವಿಧಿಯ ಬೆಲೆಯನ್ನು ತೆತ್ತವರು ಇತರರು. ಅದೇ ಸಮಯದಲ್ಲಿ ಬಾರ್ಶಿಯೂ ಸೇರಿದಂತೆ ದೇಶದ ಹಲವು ಕಡೆ, 10ರಿಂದ 18 ವರ್ಷದ ಹುಡುಗಿಯರಿಗೆ ಮೂರು ಡೋಸಿನ ಬದಲು ಎರಡೇ ಸಾಕೇ ಎಂದು ನೋಡುವ ಬೇರೊಂದು ಅಧ್ಯಯನ ನಡೆಯುತ್ತಿತ್ತು. 2010ರ ಆಜ್ಞೆಯಿಂದ ಅದೂ ಅರ್ಧಕ್ಕೆ ನಿಂತಿತು. ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸು ದೊರೆತಿತ್ತು. ಸಂಶೋಧಕರು ಎದೆಗುಂದದೆ ಅವರನ್ನು ಹತ್ತು ವರ್ಷ ಗಮನಿಸಿದರು. ಒಂದು ಡೋಸೂ ಮೂರು ಡೋಸಿನಷ್ಟೇ ರಕ್ಷಣೆ ನೀಡುತ್ತದೆಂದು 2021ರಲ್ಲಿ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದು ಡೋಸಿನ ಕ್ರಮಕ್ಕೆ ಸಮ್ಮತಿಸಿದ್ದಕ್ಕೆ ಇದೂ ಒಂದು ಕಾರಣ. ಆಕಸ್ಮಿಕವಾಗಿ ಒಳಿತೇ ಆಯಿತು ಎನ್ನಬಹುದು. ಆದರೆ ಲಸಿಕೆಯ ಬಗ್ಗೆ ಜನರಲ್ಲಿ ಹುಟ್ಟಿದ ಶಂಕೆ ಹದಿನೈದು ವರ್ಷ ಕಳೆದರೂ ಸಂಪೂರ್ಣವಾಗಿ ಅಳಿದಿಲ್ಲ.

ಇದುವರೆಗೆ ಹೇಳಿದ್ದು ಆರೋಗ್ಯವಂತರ ನಡುವಿನ ಅಧ್ಯಯನಗಳ ಮಾತು. ರೋಗ ಬಂದವರಿಗೆ ಆಸ್ಪತ್ರೆಯಲ್ಲಿ ಎದುರಾಗುವ ಚಿಕಿತ್ಸಾ ಪ್ರಯೋಗಗಳು, ಅಂದರೆ ಕ್ಲಿನಿಕಲ್ ಟ್ರಯಲ್‌ಗಳು, ಬೇರೆ ಬಗೆಯವು. ನಮ್ಮ ಭಾಗದಲ್ಲಿ ಗುಟ್ಕಾ, ತಂಬಾಕು-ಸುಣ್ಣ, ಹೆಂಗಸರು ಹಲ್ಲಿಗೆ ತಿಕ್ಕುವ ಮಿಸ್ರಿ ಇವುಗಳಿಂದ ಬಾಯಿಯ ಕ್ಯಾನ್ಸರ್ ಮನೆಮಾತಾಗಿರುವುದರಿಂದ ಅದರ ಉದಾಹರಣೆಯನ್ನೇ ಕೊಡಬಹುದು. ಆರಂಭದ ಹಂತದ ಬಾಯಿ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಮಾಡುವಾಗ ಕುತ್ತಿಗೆಯ ಗಂಟುಗಳನ್ನೂ ಆಗಲೇ ತೆಗೆಯಬೇಕೋ, ಅಥವಾ ರೋಗ ಅಲ್ಲಿಗೆ ಹರಡಿದರೆ ನೋಡಿಕೊಳ್ಳೋಣವೆಂದು ಕಾಯಬೇಕೋ ಎಂಬುದು ಹಲವು ದಶಕಗಳ ತರ್ಕವಾಗಿತ್ತು. ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿ’ಕ್ರೂಜ್ ಮತ್ತು ಸಂಗಡಿಗರು ರೋಗಿಗಳನ್ನು ಎರಡು ಪಾಲು ಮಾಡಿ ನೋಡಿದರು. ಮೊದಲ 500 ರೋಗಿಗಳ ಲೆಕ್ಕ ತೆಗೆದಾಗ, ಮೂರು ವರ್ಷಗಳ ನಂತರ ಬದುಕಿದ್ದವರು ಆಗಲೇ ಗಂಟು ತೆಗೆಸಿಕೊಂಡವರಲ್ಲಿ ನೂರಕ್ಕೆ 80, ಕಾದವರಲ್ಲಿ 67.5. ಉತ್ತರ ಸಿಕ್ಕಿದ ಕೂಡಲೇ ಪ್ರಯೋಗವನ್ನು ನಿಲ್ಲಿಸಲಾಯಿತು. 2015ರಲ್ಲಿ ಪ್ರಕಟವಾದ ಈ ಫಲ ಜಗತ್ತಿನ ಶಸ್ತ್ರವೈದ್ಯರ ಪದ್ಧತಿಯನ್ನು ಬದಲಿಸಿತು. ಇಲ್ಲಿ ಯಾರನ್ನೂ ಚಿಕಿತ್ಸೆಯಿಲ್ಲದೆ ಬಿಡಲಿಲ್ಲ. ಎರಡೂ ಪಾಲಿನವರಿಗೆ ಅಂದಿನ ವೈದ್ಯರು ಒಪ್ಪಿದ್ದ ಚಿಕಿತ್ಸೆಯೇ ದೊರೆಯಿತು. ಬಹುಪಾಲು ಕ್ಯಾನ್ಸರ್ ಪ್ರಯೋಗಗಳಲ್ಲಿ ಹೋಲಿಕೆ ಹೀಗೆಯೇ ಇರುತ್ತದೆ. ‘ಒಬ್ಬರಿಗೆ ಔಷಧ, ಇನ್ನೊಬ್ಬರಿಗೆ ಸಕ್ಕರೆ ಗುಳಿಗೆ’ ಎಂಬ ಭಯ ಬಹುಮಟ್ಟಿಗೆ ಆಧಾರವಿಲ್ಲದ್ದು.

ಅದೇ ಆಸ್ಪತ್ರೆಯಿಂದ ಬಂದ ಇನ್ನೊಂದು ಸುದ್ದಿ ಬಡ ಕುಟುಂಬಗಳಿಗೆ ಇನ್ನೂ ಹತ್ತಿರದ್ದು. ನಿವೊಲುಮ್ಯಾಬ್ ಎಂಬ ಹೊಸ ಔಷಧ ಲಕ್ಷಾಂತರ ರೂಪಾಯಿಯದು. ನಮ್ಮಲ್ಲಿ ಅದನ್ನು ಕೊಳ್ಳಬಲ್ಲವರು ಬೆರಳೆಣಿಕೆಯಷ್ಟು. ಅಲ್ಲಿಯ ವೈದ್ಯರು ವಾಡಿಕೆಯ 240 ಮಿಲಿಗ್ರಾಂ ಬದಲು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು, ಗುಣವಾಗುವ ಹಂತ ದಾಟಿದ ಬಾಯಿ-ಗಂಟಲಿನ ಕ್ಯಾನ್ಸರಿನ 151 ರೋಗಿಗಳಲ್ಲಿ ಪರೀಕ್ಷಿಸಿದರು. ಒಂದು ವರ್ಷದ ನಂತರ ಬದುಕುಳಿದವರ ಪ್ರಮಾಣ ಹಳೆಯ ಗುಳಿಗೆಗಳನ್ನಷ್ಟೇ ಪಡೆದವರಲ್ಲಿ ನೂರಕ್ಕೆ 16ರಷ್ಟಿದ್ದರೆ, ಈ ಅಲ್ಪ ಮಾತ್ರೆಯನ್ನೂ ಸೇರಿಸಿಕೊಂಡವರಲ್ಲಿ 43ರಷ್ಟಾಯಿತು. ಔಷಧ ಕಂಪನಿಗಳು ಕಡಿಮೆ ಮಾರುವ ದಾರಿಯನ್ನು ಹುಡುಕುವುದಿಲ್ಲ. ಇಂಥ ಪ್ರಶ್ನೆಯನ್ನು ಕೇಳುವವರು ನಮ್ಮ ಸಾರ್ವಜನಿಕ ಆಸ್ಪತ್ರೆಗಳು. ಅವಕ್ಕೆ ಉತ್ತರ ಕೊಡಬಲ್ಲವರು ಅಲ್ಲಿಯ ಬಡ ರೋಗಿಗಳೇ. ಎಲ್ಲರೂ ಹೆದರಿ ಹಿಂದೆ ಸರಿದರೆ ನಾವು ಶ್ರೀಮಂತ ದೇಶದವರ ದೇಹಕ್ಕೂ ಜೇಬಿಗೂ ಹೊಂದುವ ಔಷಧವನ್ನೇ ಸಾಲ ಮಾಡಿ ಕೊಳ್ಳಬೇಕಾಗುತ್ತದೆ.

ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದುಂಟು. ಕಂಪನಿಯೊಂದು ತಯಾರಿಸಿದ ಔಷಧ ಮೂಲ ಔಷಧಕ್ಕೆ ಸಮವೇ ಎಂದು ನೋಡಲು ಹಣ ಕೊಟ್ಟು ಆರೋಗ್ಯವಂತರ ರಕ್ತ ಪರೀಕ್ಷಿಸುವ ಅಧ್ಯಯನಗಳು ಹೈದರಾಬಾದಿನಂಥ ನಗರಗಳಲ್ಲಿ ನಡೆಯುತ್ತವೆ. ಆಗ ಗುಂಟೂರು ಜಿಲ್ಲೆಯಲ್ಲಿದ್ದ ಪಿಡುಗುರಾಳ್ಳದ ಬಡ ಹೆಂಗಸರನ್ನು ದಲ್ಲಾಳಿಗಳ ಮೂಲಕ ಕರೆತಂದು ಸ್ತನ ಕ್ಯಾನ್ಸರಿನ ಔಷಧವನ್ನು ನೀಡಿದ ಸಂಗತಿ 2011ರಲ್ಲಿ ಬಯಲಾಗಿ ದೊಡ್ಡ ಗದ್ದಲವೆದ್ದಿತ್ತು. ನಮ್ಮ ತಾಲ್ಲೂಕುಗಳಿಂದ ಕೂಲಿಗೆಂದು ಹೈದರಾಬಾದಿಗೆ ಹೋಗುವ ಯುವಕರು ದಲ್ಲಾಳಿಯ ಮಾತು ಕೇಳಿ ಇಂಥ ಕಡೆ ಹೋಗದಿರುವುದೇ ಲೇಸು. ರೋಗಿಯ ಚಿಕಿತ್ಸೆಗೆ ಸಂಬಂಧಿಸಿದ ಪ್ರಯೋಗವನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹಿಂದಿನ ಹಗರಣಗಳಿಂದಲೂ, ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಸಂಘಟನೆ 2012ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ತಂದ ಅರ್ಜಿಯಿಂದಲೂ ನಿಯಮಗಳು ಬಿಗಿಯಾಗಿವೆ. ಹೊಸ ಔಷಧಗಳ ಪ್ರಯೋಗಗಳನ್ನು ಈಗ ಆಳುವುದು 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳು. ಶಸ್ತ್ರಕ್ರಿಯೆ, ತಪಾಸಣೆ ಮುಂತಾದ ಉಳಿದ ಸಂಶೋಧನೆಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳು. ಇವುಗಳ ತಿರುಳು ಹೀಗಿದೆ: ವಿವರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ಕೊಡಬೇಕು. ಬಸವಕಲ್ಯಾಣದ ಮನೆಯಲ್ಲಿ ಮರಾಠಿ ನಡೆಯುತ್ತಿದ್ದರೆ ಮರಾಠಿಯಲ್ಲಿ, ಕನ್ನಡವಿದ್ದರೆ ಕನ್ನಡದಲ್ಲಿ. ಹೈದರಾಬಾದಿನ ಆಸ್ಪತ್ರೆ ತೆಲುಗು ಕಾಗದ ಮುಂದಿಟ್ಟರೆ ಅದಕ್ಕೆ ಸಹಿ ಮಾಡಬೇಕಾಗಿಲ್ಲ. ಓದುಬಾರದವರಿಗೆ ವಿವರಿಸುವ ಅಷ್ಟೂ ಹೊತ್ತು ಆಸ್ಪತ್ರೆಗೂ ಸಂಶೋಧನೆಗೂ ಸೇರದ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಹಾಜರಿದ್ದು ಅವರೂ ಸಹಿ ಮಾಡಬೇಕು. ಒಪ್ಪದಿದ್ದರೂ, ಒಪ್ಪಿ ನಡುವೆ ಬಿಟ್ಟರೂ ಆ ಆಸ್ಪತ್ರೆಯಲ್ಲಿ ದೊರೆಯಬೇಕಾದ ಮಾಮೂಲು ಚಿಕಿತ್ಸೆಗೆ ಚ್ಯುತಿ ಬರಬಾರದು. ಪ್ರಯೋಗದಲ್ಲಿ ಹಾನಿಯಾದರೆ ಉಚಿತ ಚಿಕಿತ್ಸೆ ಸಿಗಬೇಕು. ಆ ಹಾನಿಗೆ ಪ್ರಯೋಗವೇ ಕಾರಣವೆಂದು ತೀರ್ಮಾನವಾದರೆ ಪರಿಹಾರ ಧನ, ಸಾವು ಸಂಭವಿಸಿದರೆ ಕುಟುಂಬಕ್ಕೆ ಪರಿಹಾರ. ಪ್ರತಿಯೊಂದು ಔಷಧ ಪ್ರಯೋಗವೂ ಭಾರತದ ಚಿಕಿತ್ಸಾ ಪ್ರಯೋಗ ನೋಂದಣಿ ಪುಸ್ತಕದಲ್ಲಿ ಮೊದಲೇ ದಾಖಲಾಗಿರಬೇಕು. 2009ರ ಜೂನ್‌ನಿಂದ ಇದು ಕಡ್ಡಾಯ. ನೋಂದಣಿ ಸಂಖ್ಯೆಯನ್ನು ಕೇಳಿದರೆ ಹೇಳಬೇಕಾದುದು ಅವರ ಕರ್ತವ್ಯ.

ಧರ್ಮಸಭೆ ಈ ವಿಷಯದಲ್ಲಿ ವಿಜ್ಞಾನಕ್ಕೆ ಅಡ್ಡಗಾಲಾಗಿದೆ ಎಂದು ತಿಳಿದವರುಂಟು. ಅದು ಸರಿಯಲ್ಲ. ಎರಡನೆಯ ಮಹಾಯುದ್ಧದ ಬಂದೀಖಾನೆಗಳಲ್ಲಿ ನಡೆದ ಅಮಾನುಷ ಪ್ರಯೋಗಗಳ ನೆನಪು ಹಸಿಯಾಗಿದ್ದಾಗ, 1952ರ ಸೆಪ್ಟೆಂಬರಿನಲ್ಲಿ, ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ವೈದ್ಯರ ಸಮ್ಮೇಳನವೊಂದನ್ನು ಉದ್ದೇಶಿಸಿ ಮಾತನಾಡಿ, ರೋಗಿ ತಾನಾಗಿ ಕೊಟ್ಟಷ್ಟೇ ಅಧಿಕಾರ ವೈದ್ಯನಿಗೆ ಇದೆಯೆಂದೂ, ವಿಜ್ಞಾನದ ಅಥವಾ ಸಮಾಜದ ಹಿತದ ಹೆಸರಿನಲ್ಲಿ ಅದನ್ನು ಮೀರುವಂತಿಲ್ಲವೆಂದೂ ಸ್ಪಷ್ಟಪಡಿಸಿದರು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ರೋಗಿಗಳ ಗುಣಕ್ಕೆ ನೆರವಾಗುವ ಸಂಶೋಧನೆಯನ್ನು ಮೆಚ್ಚಿ, ಅರಿತು ಕೊಟ್ಟ ಒಪ್ಪಿಗೆ ಇಲ್ಲದ ಪ್ರಯೋಗವನ್ನು ಅಧರ್ಮವೆನ್ನುತ್ತದೆ. ಆದ್ದರಿಂದ ಪ್ರಯೋಗಕ್ಕೆ ಸೇರುವವರು ಪಾಪ ಮಾಡಿದಂತಾಗುವುದಿಲ್ಲ. ಸೇರದವರು ಪರಸ್ನೇಹದಲ್ಲಿ ಕಡಿಮೆಯಾದಂತೆಯೂ ಅಲ್ಲ. ಕೊಡುಗೆ ಎನ್ನಿಸಿಕೊಳ್ಳಬೇಕಾದರೆ ಅದು ಬಲವಂತವಾಗಿರಬಾರದು.

ನಮ್ಮಲ್ಲಿ ಬಲವಂತ ಮನೆಯೊಳಗೂ ಇದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಹೆಂಡತಿಯ ಗರ್ಭಕಂಠದ ಪರೀಕ್ಷೆಗೆ ಗಂಡನ ಅನುಮತಿ, ಅತ್ತೆಯ ಅನುಮತಿ. ತಾಯಿಯ ಚಿಕಿತ್ಸೆಯ ಕಾಗದಕ್ಕೆ ಮಗನ ಸಹಿ. ರೋಗದ ಹೆಸರನ್ನೇ ರೋಗಿಗೆ ಹೇಳದೆ ‘ಗಡ್ಡೆ’, ‘ಹುಣ್ಣು’ ಎಂದು ಮುಚ್ಚಿಡುವ ವಾತ್ಸಲ್ಯ ನಮ್ಮ ಕುಟುಂಬಗಳಲ್ಲಿ ಸಾಮಾನ್ಯ. ರೋಗದ ಹೆಸರು ಗೊತ್ತಿಲ್ಲದ ವ್ಯಕ್ತಿ ಅದರ ಸಂಶೋಧನೆಗೆ ಒಪ್ಪಿಗೆ ಕೊಡುವುದು ಹೇಗೆ? ಪ್ರೌಢ ವಯಸ್ಸಿನ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಪರವಾಗಿ ಬೇರೆಯವರು ಮಾಡಿದ ಸಹಿಗೆ ಕಾನೂನಿನಲ್ಲಿಯೂ ಬೆಲೆಯಿಲ್ಲ. ಸತ್ಯವನ್ನು ಮೆಲ್ಲಗೆ, ಕೈಹಿಡಿದು ಹೇಳುವ ಕೆಲಸ ಮೊದಲು ಮನೆಯಲ್ಲಿ ಆಗಬೇಕು. ಪ್ರಶ್ನೆ ಕೇಳುವುದನ್ನೇ ಸಾಧನೆಯಾಗಿಸಿಕೊಂಡ ಶರಣರ ಕಲ್ಯಾಣದಲ್ಲಿ ವಾಸವಾಗಿದ್ದೂ ದವಾಖಾನೆಯ ಬಾಗಿಲಲ್ಲಿ ನಾವು ಮೂಕರಾಗುವುದು ಸೋಜಿಗವೇ ಸರಿ.

ದೂರವೂ ಒಂದು ಅಡ್ಡಿ. ಪ್ರಯೋಗಕ್ಕೆ ಸೇರಿದವರು ತಿಂಗಳಿಗೊಮ್ಮೆಯೋ ಮೂರು ವಾರಕ್ಕೊಮ್ಮೆಯೋ ಮುಂಬೈ, ಹೈದರಾಬಾದಿಗೆ ಹೋಗಿಬರಬೇಕಾಗುತ್ತದೆ. ತೊಗರಿ ರಾಶಿಯ ದಿನಗಳಲ್ಲಿ ಒಬ್ಬರ ಜೊತೆ ಇನ್ನೊಬ್ಬರು ಹೊರಟರೆ ಎರಡು ಕೂಲಿ ಹೋದಂತೆ. ಪ್ರಯಾಣ ವೆಚ್ಚವನ್ನು ಅಧ್ಯಯನ ಭರಿಸುತ್ತದೆಯೇ ಎಂದು ಕೇಳುವುದು ಅವಮಾನದ ಮಾತಲ್ಲ. ಬಹಳ ಅಧ್ಯಯನಗಳು ಭರಿಸುತ್ತವೆ, ಆದರೆ ಕೇಳದವರಿಗೆ ಅದು ತಿಳಿಯುವುದಿಲ್ಲ. ಕಲಬುರಗಿಯ ಕೇಂದ್ರ ಇಂಥ ಅಧ್ಯಯನಗಳಲ್ಲಿ ಪಾಲುಗೊಳ್ಳುವಷ್ಟು ಬೆಳೆದರೆ ಈ ಕಷ್ಟ ಅರ್ಧ ಇಳಿಯುತ್ತದೆ. ನಮ್ಮ ಭಾಗದ ಶಾಸಕರು ಹೊಸ ಕಟ್ಟಡಕ್ಕೆ ತೋರುವ ಉತ್ಸಾಹವನ್ನು ಇದಕ್ಕೂ ತೋರಬೇಕು. ಎಚ್.ಪಿ.ವಿ. ಪರೀಕ್ಷೆ ತಾಲ್ಲೂಕು ಆಸ್ಪತ್ರೆಗೆ ಬರುವುದು ಎಂದು ಎಂಬ ಪ್ರಶ್ನೆಯನ್ನೂ ಅವರಿಗೇ ಕೇಳಬೇಕಾಗಿದೆ.

ಧರ್ಮಕೇಂದ್ರಗಳು ಮಾಡಬಹುದಾದ ಕೆಲಸ ಚಿಕ್ಕದು, ಖರ್ಚಿಲ್ಲದ್ದು. ದಾದಿಯ ತರಬೇತಿ ಪಡೆದ ಭಗಿನಿಯರು, ನಿವೃತ್ತ ಶಿಕ್ಷಕರು, ಕಾಲೇಜು ಓದುವ ಮಕ್ಕಳು ಊರೂರಿನಲ್ಲಿದ್ದಾರೆ. ಅಂಥವರಲ್ಲಿ ಒಬ್ಬರು ರೋಗಿಯ ಜೊತೆ ಹೋಗಿ ಕಾಗದವನ್ನು ಕೊನೆಯವರೆಗೆ ಓದಿ ಹೇಳಿ, ಬೇಕಾದರೆ ಸಾಕ್ಷಿಯಾಗಿ ಕುಳಿತುಕೊಳ್ಳಬಹುದು. ಸಹಿ ಮಾಡುವ ಮೊದಲು ಕಾಗದವನ್ನು ಮನೆಗೆ ಒಯ್ದು ಒಂದೆರಡು ದಿನ ಯೋಚಿಸುತ್ತೇವೆ ಎಂದರೆ ಯಾವ ಪ್ರಾಮಾಣಿಕ ವೈದ್ಯರೂ ಬೇಸರಿಸುವುದಿಲ್ಲ. ಸಹಿಯಾದ ಮೇಲೆ ಅದರ ಒಂದು ಪ್ರತಿ ರೋಗಿಗೆ ಸಲ್ಲಬೇಕು. ಅದನ್ನು ರೇಶನ್ ಕಾರ್ಡು, ಆಸ್ಪತ್ರೆಯ ಚೀಟಿಗಳನ್ನು ಇಡುವ ಚೀಲದಲ್ಲಿಯೇ ಜೋಪಾನವಾಗಿ ಇಡಬೇಕು. ಏನಾದರೂ ತೊಂದರೆಯಾದರೆ ಹಗಲು ರಾತ್ರಿ ಕರೆಯಬಹುದಾದ ವೈದ್ಯರ ದೂರವಾಣಿ ಸಂಖ್ಯೆಯೂ, ವೈದ್ಯರ ಮೇಲೆಯೇ ದೂರಿದ್ದರೆ ಕರೆಯಬೇಕಾದ ಆಸ್ಪತ್ರೆಯ ನೀತಿ ಸಮಿತಿಯ ಸಂಖ್ಯೆಯೂ ಅದರಲ್ಲಿಯೇ ಬರೆದಿರುತ್ತವೆ.